ಕರಾವಳಿಯ ಪಾರ್ಕಿಗೆ ಎಂಥ ಡಾರ್ಕ್ ರೈಡ್ ಬೇಕು?

ಡಾರ್ಕ್ ರೈಡ್ ಅಂದರೆ ಅಮ್ಯೂಸ್‌ಮೆಂಟ್ ಪಾರ್ಕಿನಲ್ಲಿ ಕಟ್ಟಡದೊಳಗೆ, ಕತ್ತಲಲ್ಲಿ ಗಾಡಿಯಲ್ಲಿ ಕೂತು ದೃಶ್ಯಗಳನ್ನು ನೋಡುತ್ತಾ ಸಾಗುವ ಆಟ. ಮೊದಲು ಮಳೆ ನೋಡಿ. ಮಂಗಳೂರು, ಉಡುಪಿ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗಿನ ರೈಡ್‌ಗಳನ್ನು ನಂಬಿ ಕೂತರೆ ಆಗಲ್ಲ, ಸೂರಿನಡಿ ಏನಾದರೂ ಇರಲೇಬೇಕು.

ಹಾಗಂತ ಸುಮ್ನೆ ಅಸ್ಥಿಪಂಜರ ನೇತುಹಾಕಿದ ಭೂತಬಂಗಲೆ ಬೇಡ. ದೈವದ ವೇಷವನ್ನಂತೂ ಗೊಂಬೆಗೆ ಹಾಕಲೇಬೇಡಿ, ಅದು ನಂಬಿಕೆಯ ವಿಷಯ. ಯಕ್ಷಗಾನದ ಬಣ್ಣದ ವೇಷ ತಗೊಳ್ಳಿ. ಕತ್ತಲಲ್ಲಿ ದೂರದ ಚೆಂಡೆ, ತಿರುವಿನಲ್ಲಿ ದೊಂದಿಯಂತೆ ಮಿನುಗುವ ಕೆಂಪು ಬೆಳಕು, ದೊಂದಿಗೆ ಎರಚಿದ ರಾಳದ ಪುಡಿ ಭಗ್ಗನೆ ಹೊತ್ತಿದ ಹಾಗೆ ಒಂದು ಮಿಂಚು, ಆಗ ಬಿಳಿ ಚುಟ್ಟಿ (ಮುಖದ ಮೇಲೆ ಹಿಟ್ಟಿನಿಂದ ಇಡುವ ಉಬ್ಬು ಚುಕ್ಕೆ) ಇಟ್ಟ ರಾಕ್ಷಸನ ಮುಖ ಮಾತ್ರ ಅಲ್ಟ್ರಾವೈಲೆಟ್ ಬೆಳಕಲ್ಲಿ ಹೊಳೆಯಬೇಕು. ಮಕ್ಕಳು ಕಿರುಚದಿದ್ದರೆ ಕೇಳಿ! ಬಣ್ಣಕ್ಕೆ ಮೇಳದ ಕಲಾವಿದರನ್ನೇ ಕರೆಸಿ.

ಮಾಯವಾಗುವ ವೇಷಕ್ಕೆ 1862ರಲ್ಲೇ ಲಂಡನ್‌ನಲ್ಲಿ ತೋರಿಸಿದ ಪೆಪ್ಪರ್ಸ್ ಗೋಸ್ಟ್ ತಂತ್ರ ಸಾಕು. ಓರೆಯಾಗಿ ನಿಲ್ಲಿಸಿದ ಗಾಜು, ಪಕ್ಕದಲ್ಲಿ ಮರೆಯಾದ ಕೋಣೆ. ಅಲ್ಲಿನ ಬೆಳಕು ಏರಿದರೆ ವೇಷ ಗಾಳಿಯಲ್ಲಿ ನಿಂತಂತೆ ಕಾಣುತ್ತದೆ, ಆರಿಸಿದರೆ ಇಲ್ಲ. ಆದರೆ ನಮ್ಮ ಸೆಕೆಗೆ ಗಾಜು ಮಂಜಾಗುತ್ತದೆ, ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರ್ ಹಾಕಿಸೋದು ಮರೀಬೇಡಿ.

ಹಳಿಯಿಲ್ಲದ ಗಾಡಿಗಳು ಚೆಂದ, ಖರ್ಚೂ ಜಾಸ್ತಿ. ಒಂಟಿ ಹಳಿ ಮೇಲೆ ಓಡುವ ನಾಲ್ಕು ಸೀಟಿನ ಕರೆಂಟ್ ಗಾಡಿ ಸಾಕು, 20 ಸೆಕೆಂಡಿಗೊಂದು ಬಿಟ್ಟರೆ ಗಂಟೆಗೆ 720 ಜನ ಅಲ್ವಾ?

ಉಪ್ಪುಗಾಳಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ, ಗ್ಯಾಲ್ವನೈಸ್ ಮಾಡಿಸಿ, ಅಂದರೆ ಸತುವಿನ ಲೇಪ ಕೊಡಿಸಿ. ಕರೆಂಟ್ ಹೋದಾಗ ತಾನಾಗಿಯೇ ಹೊತ್ತಿಕೊಳ್ಳುವ ದೀಪ, ನಡೆದು ಹೊರಬರುವ ದಾರಿ, ಬೆಂಕಿ ಅಲಾರಂ, ಇವನ್ನು ಮೊದಲ ನಕ್ಷೆಯಲ್ಲೇ ಹಾಕಿಸಿ.