ಹಳೆ ಲ್ಯಾನ್ ಕಾರ್ಡ್ ಎಸೆಯುವ ಮುಂಚೆ ಹೀಗೆ ಮಾಡಿ ನೋಡಿ

ಮೈಸೂರಿನ ಕುವೆಂಪುನಗರದ ಟ್ಯೂಷನ್ ಸೆಂಟರ್ ಇರಲಿ, ಮಂಡ್ಯದ ಪ್ರಿಂಟಿಂಗ್ ಪ್ರೆಸ್ ಇರಲಿ, ಮೂಲೆಯಲ್ಲಿ ಒಂದು ಹಳೆ ಡೆಸ್ಕ್‌ಟಾಪ್ ಸುಮ್ನೆ ಕೂತಿರುತ್ತದೆ. ಅದಕ್ಕೆ ಫ್ರೀಬಿಎಸ್‌ಡಿ ಅಥವಾ ಲಿನಕ್ಸ್ ಎಂಬ ಉಚಿತ ಓಎಸ್ (ಕಂಪ್ಯೂಟರ್ ನಡೆಸುವ ಮೂಲ ಸಾಫ್ಟ್‌ವೇರ್) ಹಾಕಿದರೆ ಎಲ್ಲರ ಫೈಲ್ ಒಂದೆಡೆ ಇಡುವ ಫೈಲ್ ಸರ್ವರ್ ಆಗಿ ಇನ್ನೂ ದುಡಿಯುತ್ತದೆ. ಆದರೆ ನೆಟ್ ಬರದಿದ್ದರೆ ಜನ ಮೊದಲು ಐಪಿ (ನೆಟ್‌ವರ್ಕಿನಲ್ಲಿ ಕಂಪ್ಯೂಟರಿನ ವಿಳಾಸ) ಬದಲಿಸುತ್ತಾರೆ, ಆಮೇಲೆ ಓಎಸ್ ಅನ್ನೇ ಮತ್ತೆ ಹಾಕುತ್ತಾರೆ. ಅದು ಬೇಡ. ಕೆಳಗಿನಿಂದ ಮೇಲಕ್ಕೆ ಬನ್ನಿ: ಕೇಬಲ್, ಲ್ಯಾನ್ ಕಾರ್ಡ್ (ನೆಟ್ ಕೇಬಲ್ ಚುಚ್ಚುವ ಕಾರ್ಡ್), ಡ್ರೈವರ್ (ಓಎಸ್ ಆ ಕಾರ್ಡನ್ನು ಬಳಸಲು ಬೇಕಾದ ಸಾಫ್ಟ್‌ವೇರ್), ಸ್ಪೀಡ್. ಐಪಿ ಕೊನೆಗೆ.

ಉದಾಹರಣೆಗೆ ರಿಯಲ್‌ಟೆಕ್ 8139 ಚಿಪ್ಪಿನ ಪಿಸಿಐ (ಮದರ್‌ಬೋರ್ಡಿನ ಹಳೆ ಬಗೆಯ ಸ್ಲಾಟಿಗೆ ಕೂರುವ) ಕಾರ್ಡನ್ನೇ ತೆಗೆದುಕೊಳ್ಳೋಣ. ಅಗ್ಗದ ಕಾರ್ಡ್, ಒಂದು ಕಾಲಕ್ಕೆ ಎಲ್ಲ ಕಡೆ ಇದ್ದದ್ದು.

ಮೊದಲು ಕೇಬಲ್. ಕಾರ್ಡಿನ ಹಿಂದಿನ ದೀಪ ಹತ್ತಿದೆಯೇ ನೋಡಿ. ಹತ್ತದಿದ್ದರೆ ಬೇರೆ ಕೇಬಲ್, ಸ್ವಿಚ್ಚಿನ ಬೇರೆ ಪೋರ್ಟ್ ಹಾಕಿ. 100 ಎಂಬಿಪಿಎಸ್‌ಗೆ 1, 2, 3, 6 ಈ ನಾಲ್ಕು ತಂತಿ ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು. ಎರಡು ಕಂಪ್ಯೂಟರನ್ನು ನೇರವಾಗಿ ಜೋಡಿಸುವಾಗ ಎರಡೂ ಕಡೆ ಹಳೆ ಕಾರ್ಡ್ ಇದ್ದರೆ ಕ್ರಾಸ್‌ಓವರ್ ಕೇಬಲ್ಲೇ (ಒಂದು ತುದಿಯಲ್ಲಿ ತಂತಿ ಅದಲುಬದಲಾದದ್ದು) ಬೇಕು.

ಆಮೇಲೂ ದೀಪ ಸತ್ತಿದ್ದರೆ ಪವರ್ ಪ್ಲಗ್ ಕಿತ್ತು, ಕಾರ್ಡ್ ಹೊರಗೆ ತೆಗೆಯಿರಿ. ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಬೇರೆ ಸ್ಲಾಟಿನಲ್ಲಿ ಗಟ್ಟಿಯಾಗಿ ಕೂರಿಸಿ.

ಕಾರ್ಡ್ ಕಾಣಿಸ್ತಾ ಇದೆಯಾ? ಫ್ರೀಬಿಎಸ್‌ಡಿಯಲ್ಲಿ ‘ಪಿಸಿಐಕಾನ್ಫ್ -ಎಲ್‌ವಿ’, ಲಿನಕ್ಸ್‌ನಲ್ಲಿ ‘ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ’ ಕಮಾಂಡ್ ಕೊಡಿ. ಪಟ್ಟಿಯಲ್ಲಿ ಕಾರ್ಡೇ ಇಲ್ಲವೆಂದರೆ ತೊಂದರೆ ಸ್ಲಾಟ್ ಅಥವಾ ಕಾರ್ಡಿನದು, ಓಎಸ್ ಮುಟ್ಟಬೇಡಿ. ಕಾರ್ಡ್ ಇದ್ದು ಫ್ರೀಬಿಎಸ್‌ಡಿಯಲ್ಲಿ ಹೆಸರಿನ ಜಾಗದಲ್ಲಿ ‘ನನ್’ ಅಂತ ಬಂದರೆ, ಲಿನಕ್ಸ್‌ನಲ್ಲಿ ಡ್ರೈವರ್ ಹೆಸರಿನ ಸಾಲೇ ಇಲ್ಲದಿದ್ದರೆ ಡ್ರೈವರ್ ಹಿಡಿದಿಲ್ಲ. ಫ್ರೀಬಿಎಸ್‌ಡಿಯಲ್ಲಿ ಈ ಕಾರ್ಡಿನ ಡ್ರೈವರ್ ‘ಆರ್‌ಎಲ್’, ಲಿನಕ್ಸ್‌ನಲ್ಲಿ ‘8139ಟೂ’. ಇಲ್ಲೊಂದು ತಿರುವಿದೆ. 8139ಸಿ ಪ್ಲಸ್ ಅನ್ನುವ ಚಿಪ್ಪಿಗೂ ಇದೇ ಐಡಿ ಸಂಖ್ಯೆ, ರಿವಿಜನ್ ಮಾತ್ರ ಬೇರೆ. ಅದಕ್ಕೆ ಫ್ರೀಬಿಎಸ್‌ಡಿಯಲ್ಲಿ ‘ಆರ್‌ಇ’, ಲಿನಕ್ಸ್‌ನಲ್ಲಿ ‘8139ಸಿಪಿ’ ಬೇಕು. ಇದಕ್ಕಿಂತಲೂ ಹಳೆಯ ಎನ್‌ಇ2000 ಮಾದರಿ ಕಾರ್ಡ್ ಆದರೆ ಹುಷಾರು: ಅದರ ‘ಇಡಿ’ ಡ್ರೈವರನ್ನು ಫ್ರೀಬಿಎಸ್‌ಡಿ 13ರಲ್ಲಿ ತೆಗೆದೇ ಬಿಟ್ಟಿದ್ದಾರೆ.

ನೆಟ್ ಬರುತ್ತೆ, ಆದರೆ ತೆವಳುತ್ತೆ. ಜನರನ್ನು ಜಾಸ್ತಿ ಸತಾಯಿಸುವುದು ಇದೇ. ಪಿಂಗ್ (ಆ ಕಡೆ ತಲುಪುತ್ತಿದೆಯೇ ಎಂದು ನೋಡುವ ಸಣ್ಣ ಸಂದೇಶ) ಸರಿಯಾಗಿ ಬರುತ್ತದೆ, ದೊಡ್ಡ ಫೈಲ್ ಕಾಪಿ ಮಾಡಿದರೆ ಮುಗಿಯುವುದೇ ಇಲ್ಲ. ಇಂಥ ಕಡೆ ನನ್ನ ಮೊದಲ ಅನುಮಾನ ಡ್ಯೂಪ್ಲೆಕ್ಸ್ ಮೇಲೆ. ಫುಲ್ ಡ್ಯೂಪ್ಲೆಕ್ಸ್‌ನಲ್ಲಿ ಎರಡೂ ಕಡೆಯವರು ಒಟ್ಟಿಗೆ ಕಳಿಸಬಹುದು, ಹಾಫ್‌ನಲ್ಲಿ ಒಬ್ಬರ ನಂತರ ಒಬ್ಬರು. ವಿ.ಸಿ. ನಾಲೆಯ ಮೇಲಿನ ಕಿರಿದಾದ ಸೇತುವೆಯಲ್ಲಿ ಈ ಕಡೆಯವನು ಕಾಯುತ್ತಾ, ಆ ಕಡೆಯವನು ನೋಡದೆ ನುಗ್ಗಿದರೆ ಏನಾಗುತ್ತೆ? ಅದೇ ಇಲ್ಲೂ ಆಗುವುದು. ಪಿಂಗ್ ಸಣ್ಣದು, ಆಗೊಮ್ಮೆ ಈಗೊಮ್ಮೆ ಹೋಗುತ್ತದೆ, ಹಾಗಾಗಿ ಪಾರಾಗುತ್ತದೆ.

ಇದು ಹುಟ್ಟುವುದು ಹೀಗೆ. ಹಿಂದೆ ಯಾರೋ ಫ್ರೀಬಿಎಸ್‌ಡಿಯ ಸೆಟ್ಟಿಂಗ್ ಇರುವ ‘ಆರ್‌ಸಿ.ಕಾನ್ಫ್’ ಫೈಲಿನಲ್ಲಿ ಕಾರ್ಡಿಗೆ 100 ಎಂಬಿಪಿಎಸ್, ಫುಲ್ ಡ್ಯೂಪ್ಲೆಕ್ಸ್ ಅಂತ ಕೈಯಿಂದ ಬರೆದಿರುತ್ತಾರೆ. ಅಂಗಡಿಯಲ್ಲಿ ಸಿಗುವ ಸಾದಾ ಸ್ವಿಚ್ ಆಟೊ ಮೋಡ್‌ನಲ್ಲಿರುತ್ತದೆ, ಅಂದರೆ ಸ್ಪೀಡ್, ಡ್ಯೂಪ್ಲೆಕ್ಸ್ ಎರಡನ್ನೂ ಕಾರ್ಡಿನ ಜೊತೆ ಕೇಳಿ ತಿಳಿಯುತ್ತದೆ. ಕಾರ್ಡಿನಿಂದ ಉತ್ತರ ಬರದಿದ್ದಾಗ ಸ್ವಿಚ್ಚಿಗೆ ಸ್ಪೀಡ್ ಗೊತ್ತಾಗುತ್ತದೆ, ಡ್ಯೂಪ್ಲೆಕ್ಸ್ ಗೊತ್ತಾಗುವುದಿಲ್ಲ. ನಿಯಮದ ಪ್ರಕಾರ ಅದು ಹಾಫ್‌ಗೆ ಇಳಿಯುತ್ತದೆ. ಹೀಗೆ ಎರಡೂ ಕಡೆ ಬೇರೆ ಬೇರೆಯಾಯಿತು, ಅಲ್ವಾ?

ಪತ್ತೆ ಮಾಡುವುದು ಸುಲಭ. ಫೈಲ್ ಕಾಪಿ ಆಗುವಾಗ ‘ನೆಟ್‌ಸ್ಟಾಟ್ -ಐ’ ಕೊಟ್ಟು ನೋಡುತ್ತಿರಿ. ನಿಮ್ಮ ಕಡೆ ಫುಲ್, ಆ ಕಡೆ ಹಾಫ್ ಇದ್ದರೆ ಒಳಬರುವ ಎರರ್ ಏರುತ್ತವೆ. ನಿಮ್ಮ ಕಡೆಯೇ ಹಾಫ್ ಆಗಿದ್ದರೆ ಕೊಲಿಷನ್ (ಡಿಕ್ಕಿ) ಏರುತ್ತವೆ. ಸರಿಪಡಿಸಲು ‘ಇಫ್‌ಕಾನ್ಫಿಗ್ ಆರ್‌ಎಲ್0 ಮೀಡಿಯಾ ಆಟೊಸೆಲೆಕ್ಟ್’ ಕೊಡಿ, ಫೈಲಿನಲ್ಲಿರುವ ಹಳೆ ಸಾಲನ್ನೂ ತೆಗೆಯಿರಿ. ಇಲ್ಲದಿದ್ದರೆ ರೀಬೂಟ್ ಆದ ಕೂಡಲೇ ಅದೇ ಗೋಳು. ಲಿನಕ್ಸ್‌ನಲ್ಲಿ ಈ ಕೆಲಸಕ್ಕೆ ‘ಈಥ್‌ಟೂಲ್’ ಇದೆ. ಎರಡೂ ಕಡೆ ಆಟೊ, ಇಲ್ಲವೇ ಎರಡೂ ಕಡೆ ಒಂದೇ ಸೆಟ್ಟಿಂಗ್. ನಡುವಿನ ದಾರಿ ಇಲ್ಲ.

‘ವಾಚ್‌ಡಾಗ್ ಟೈಮ್‌ಔಟ್’ ಅಂತ ಮೆಸೇಜ್ ಬರುತ್ತಿದ್ದರೆ ಇಂಟರಪ್ಟ್ (ಸಿಪಿಯುವನ್ನು ಕರೆಯುವ ಸೂಚನೆ) ಕಾರ್ಡಿನಿಂದ ಸರಿಯಾಗಿ ತಲುಪುತ್ತಿಲ್ಲದಿರಬಹುದು. ಸ್ಲಾಟ್ ಬದಲಿಸಿ, ಬಯಾಸ್‌ನಲ್ಲಿ (ಕಂಪ್ಯೂಟರ್ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್) ಬಳಸದ ಸೀರಿಯಲ್ ಪೋರ್ಟ್, ಸೌಂಡ್ ಆಫ್ ಮಾಡಿ.

ಈಗ ಐಪಿ. ಲಿನಕ್ಸ್ ಅಪ್‌ಗ್ರೇಡ್ ಆದ ಮೇಲೆ ನೆಟ್ ಹೋಯಿತೆಂದರೆ ಕಾರ್ಡಿನ ಹೆಸರು ನೋಡಿ. ‘ಈಥ್0’ ಇದ್ದದ್ದು ‘ಇಎನ್‌ಪಿ3ಎಸ್0’ ಥರ ಬದಲಾಗಿರುತ್ತದೆ, ಐಪಿ ಸೆಟ್ಟಿಂಗ್ ಮಾತ್ರ ಹಳೆ ಹೆಸರಿನಲ್ಲೇ ಉಳಿದಿರುತ್ತದೆ.

ಭರಣಿ ಮಳೆಯ ಗುಡುಗು-ಸಿಡಿಲಿನಲ್ಲಿ ಕಾರ್ಡ್ ಸುಟ್ಟಿದ್ದರೆ ಇದ್ಯಾವುದೂ ನಡೆಯದು. ಏಪ್ರಿಲ್, ಮೇ ತಿಂಗಳಲ್ಲಿ ಮೋಡ ಕಟ್ಟಿದಾಗ ಪವರ್ ಪ್ಲಗ್ ಜೊತೆ ಲ್ಯಾನ್ ಕೇಬಲನ್ನೂ ಕಿತ್ತಿಡಿ. ಸಿಡಿಲಿನ ಏಟು ಆ ದಾರಿಯಲ್ಲೂ ಬರುತ್ತದೆ. ಬದಲಿ ಕಾರ್ಡಿಗೆ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗುವುದಾದರೆ ಇಂಟೆಲ್ ಪ್ರೊ/100 ಕೇಳಿ. 8139ರಲ್ಲಿ ಬಂದ ಪ್ರತಿ ಪ್ಯಾಕೆಟನ್ನೂ ಸಿಪಿಯುವೇ ಕಾಪಿ ಮಾಡಬೇಕು, ಹಳೆ ಯಂತ್ರಕ್ಕೆ ಅದು ಭಾರ. ಇಂಟೆಲ್ ಕಾರ್ಡಿಗೆ ಆ ತೊಂದರೆ ಇಲ್ಲ, ಫ್ರೀಬಿಎಸ್‌ಡಿಯ ‘ಎಫ್‌ಎಕ್ಸ್‌ಪಿ’ ಡ್ರೈವರೂ ಗಟ್ಟಿ. ಹೊರಡುವ ಮುಂಚೆ ಕ್ಯಾಬಿನೆಟ್ ಬಿಚ್ಚಿ ಸ್ಲಾಟ್ ನೋಡಿಕೊಳ್ಳಿ: ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್ ಹಳೆ ಪಿಸಿಐ ಸ್ಲಾಟಿಗೆ ಕೂರುವುದಿಲ್ಲ.