ಬೆಂಗಳೂರಿನಲ್ಲಿ ಉಚಿತ ಊಟ, ಪಡಿತರ: ಎಲ್ಲಿ ವಿಚಾರಿಸಬೇಕು, ಹೇಗೆ ಪಡೆಯಬೇಕು

ಕೆಲಸ ಹುಡುಕಿಕೊಂಡು ಬಂದು ಮೊದಲ ಸಂಬಳಕ್ಕೆ ಮುಂಚೆಯೇ ದುಡ್ಡು ಮುಗಿಸಿಕೊಂಡವರು, ಆಸ್ಪತ್ರೆಯಲ್ಲಿ ರೋಗಿಯ ಜೊತೆ ವಾರಗಟ್ಟಲೆ ಇರಬೇಕಾದವರು, ಪಿಜಿ ಬಾಡಿಗೆ ಕಟ್ಟಿದ ಮೇಲೆ ಕೈ ಬರಿದಾದ ವಿದ್ಯಾರ್ಥಿಗಳು, ಇದ್ದಕ್ಕಿದ್ದಂತೆ ಕೆಲಸ ಕಳೆದುಕೊಂಡವರು ಬೆಂಗಳೂರಿನಲ್ಲಿ ಎಲ್ಲ ಕಾಲಕ್ಕೂ ಇರುತ್ತಾರೆ. ಇವರಲ್ಲಿ ಹೆಚ್ಚಿನವರು ಮೊದಲು ಹುಡುಕುವುದು ಊಟ ಹಂಚುವ ಯಾವುದಾದರೂ ಸಂಸ್ಥೆಯ ಫೋನ್ ನಂಬರನ್ನು. ಆದರೆ ದಾನದ ಊಟ ಇವತ್ತು ಬಂದು ನಾಳೆ ಬಾರದೆ ಇರಬಹುದು. ಸರ್ಕಾರದ ಯೋಜನೆಯಲ್ಲಿ, ಅದರಲ್ಲೂ ಕಾನೂನಿನಲ್ಲಿ ಬರೆದಿರುವ ಊಟವನ್ನು ಕೇಳಿ ಪಡೆಯಬಹುದು, ಸಿಗದಿದ್ದರೆ ದೂರು ಕೊಡಬಹುದು. ಆದ್ದರಿಂದ ಇವತ್ತಿನ ಹೊತ್ತಿಗೆ ಒಂದು ದಾರಿ ನೋಡಿಕೊಂಡು, ಅದೇ ದಿನ ತಿಂಗಳ ರೇಷನ್ನಿನ ದಾರಿಯನ್ನೂ ಹಿಡಿಯುವುದು ಒಳ್ಳೆಯದು.

ಮೊದಲು ಇವತ್ತಿನ ಹೊತ್ತು

ಇಂದಿರಾ ಕ್ಯಾಂಟೀನ್ ಉಚಿತವಲ್ಲ. ಆದರೂ ಅದನ್ನೇ ಮೊದಲು ಹೇಳಬೇಕು, ಏಕೆಂದರೆ ಅಲ್ಲಿ ಯಾರೂ ಕಾರ್ಡ್ ಕೇಳುವುದಿಲ್ಲ, ಊರು ಕೇಳುವುದಿಲ್ಲ, ಕಾರಣ ಕೇಳುವುದಿಲ್ಲ. 2017ರ ಆಗಸ್ಟ್ 16ರಂದು ಜಯನಗರದಲ್ಲಿ ಉದ್ಘಾಟನೆಯಾದ ಈ ಯೋಜನೆಯಲ್ಲಿ ಬೆಳಗಿನ ತಿಂಡಿಗೆ 5 ರೂಪಾಯಿ, ಮಧ್ಯಾಹ್ನ ಮತ್ತು ರಾತ್ರಿಯ ಊಟಕ್ಕೆ ತಲಾ 10 ರೂಪಾಯಿ. ಅಂದರೆ ಇಪ್ಪತ್ತೈದು ರೂಪಾಯಿಯಲ್ಲಿ ಒಂದು ದಿನ ಕಳೆಯುತ್ತದೆ.

ಕ್ಯಾಂಟೀನಿಗೆ ಹೋದಾಗ ಮೊದಲು ಕೌಂಟರಿನಲ್ಲಿ ಟೋಕನ್ ಪಡೆದು, ಅದನ್ನು ಬಡಿಸುವ ಕಿಟಕಿಯಲ್ಲಿ ಕೊಟ್ಟು, ತಟ್ಟೆ ತೆಗೆದುಕೊಂಡು ಎತ್ತರದ ಮೇಜುಗಳ ಬಳಿ ನಿಂತು ಉಣ್ಣಬೇಕು. ತಿಂಡಿಗೆ ಇಡ್ಲಿಯ ಜೊತೆ ಖಾರಾಬಾತ್, ಪೊಂಗಲ್, ಪುಳಿಯೋಗರೆಗಳಲ್ಲಿ ಯಾವುದಾದರೊಂದು, ಊಟಕ್ಕೆ ಅನ್ನ ಸಾಂಬಾರ್ ಮತ್ತು ಮೊಸರನ್ನ ಇರುವುದು ಸಾಮಾನ್ಯ. ಒಂದೊಂದು ಕ್ಯಾಂಟೀನಿಗೆ ಒಂದು ಹೊತ್ತಿಗೆ ಇಷ್ಟೇ ಊಟ ಎಂದು ಲೆಕ್ಕ ಕಟ್ಟಿ ಕಳುಹಿಸುವುದರಿಂದ, ಆಟೊ ಚಾಲಕರು ಮತ್ತು ಪೌರಕಾರ್ಮಿಕರು ಹೆಚ್ಚು ಬರುವ ಕಡೆ ಸಮಯ ಮುಗಿಯುವ ಮುನ್ನವೇ ಪಾತ್ರೆ ಖಾಲಿಯಾಗುತ್ತದೆ. ತಿಂಡಿಗೆ ಏಳೂವರೆಯ ಆಸುಪಾಸಿಗೆ, ಊಟಕ್ಕೆ ಹನ್ನೆರಡೂವರೆಗೆ ಅಲ್ಲಿದ್ದರೆ ನಿರಾಸೆಯಾಗುವುದಿಲ್ಲ. ಎಲ್ಲ ಕ್ಯಾಂಟೀನುಗಳ ರುಚಿಯೂ ಶುಚಿಯೂ ಒಂದೇ ಮಟ್ಟದಲ್ಲಿಲ್ಲ ಎಂಬ ದೂರು ಹೊಸದಲ್ಲ; ಹತ್ತಿರದಲ್ಲಿ ಎರಡಿದ್ದರೆ ಎರಡನ್ನೂ ನೋಡಿ ಒಂದನ್ನು ಆರಿಸಿಕೊಳ್ಳುವುದು ಜಾಣತನ.

ಆ ಹತ್ತು ರೂಪಾಯಿಯೂ ಇಲ್ಲದ ದಿನ ಹಲಸೂರು ಕೆರೆಯ ಬಳಿಯ ಸಿಖ್ಖರ ಗುರುದ್ವಾರವಿದೆ. ಅಲ್ಲಿನ ಲಂಗರಿನಲ್ಲಿ, ಅಂದರೆ ಎಲ್ಲರಿಗೂ ಉಚಿತವಾಗಿ ಬಡಿಸುವ ಊಟದಲ್ಲಿ, ಜಾತಿ, ಧರ್ಮ, ಹಣ ಯಾವುದರ ಲೆಕ್ಕವೂ ಇಲ್ಲ. ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಗಂಡಸರಾಗಲಿ ಹೆಂಗಸರಾಗಲಿ ತಲೆಯ ಮೇಲೆ ಬಟ್ಟೆ ಹಾಕಿಕೊಂಡು ಒಳಗೆ ಹೋಗಬೇಕು. ಬಟ್ಟೆಗೆ ಕರವಸ್ತ್ರವೂ ಸಾಕು. ಪಂಕ್ತಿಯಲ್ಲಿ ನೆಲದ ಮೇಲೆ ಕುಳಿತವರಿಗೆ ರೊಟ್ಟಿ, ದಾಲ್ ಬಡಿಸುತ್ತಾರೆ. ರೊಟ್ಟಿಯನ್ನು ಎರಡೂ ಕೈ ಚಾಚಿ ತೆಗೆದುಕೊಳ್ಳುವುದು, ಹಾಕಿಸಿಕೊಂಡದ್ದನ್ನು ಬಿಡದೆ ಉಣ್ಣುವುದು ಅಲ್ಲಿನ ಪದ್ಧತಿ. ಉಂಡ ಮೇಲೆ ತಟ್ಟೆ ತೊಳೆಯುವ ಕಡೆ ಒಂದಿಷ್ಟು ಕೈಜೋಡಿಸಿದರೆ ಸಂತೋಷಪಡುತ್ತಾರೆ, ಒತ್ತಾಯವಂತೂ ಇಲ್ಲ.

ನಗರದ ದೇವಸ್ಥಾನ ಮತ್ತು ಮಠಗಳ ಅನ್ನದಾನದ ವಿಷಯದಲ್ಲಿ ಕೇಳಿದ ಮಾತನ್ನು ನಂಬಿ ದೂರದಿಂದ ಹೊರಟು ಬರಬಾರದು. ಕೆಲವು ಕಡೆ ದಿನವೂ ಮಧ್ಯಾಹ್ನ ಪ್ರಸಾದವಿರುತ್ತದೆ, ಕೆಲವು ಕಡೆ ವಾರದ ಒಂದು ದಿನ, ಬಹಳಷ್ಟು ಕಡೆ ಹಬ್ಬ ಮತ್ತು ಆರಾಧನೆಗೆ ಮಾತ್ರ. ಹಿಂದಿನ ದಿನವೇ ಕಚೇರಿಯಲ್ಲಿ ‘ನಾಳೆ ಎಷ್ಟು ಗಂಟೆಗೆ ಎಲೆ ಹಾಕುತ್ತೀರಿ, ಕೂಪನ್ ಬೇಕೇ’ ಎಂದು ಕೇಳಿಟ್ಟುಕೊಂಡರೆ ಸಾಕು. ರಂಜಾನ್ ತಿಂಗಳಲ್ಲಿ ಸಂಜೆ ಹೊತ್ತು ಅನೇಕ ಮಸೀದಿಗಳ ಬಳಿ ಇಫ್ತಾರ್ ಊಟ ಹಂಚುತ್ತಾರೆ.

ತಿಂಗಳ ಅಕ್ಕಿಗೆ ದಾರಿ

ಹೆಚ್ಚು ಜನ ಕೈಬಿಡುವುದು ಇದನ್ನೇ. ‘ನಮ್ಮ ಕಾರ್ಡ್ ಊರಿನಲ್ಲಿದೆ’ ಎಂದು ಸುಮ್ಮನಾಗುವವರು ರಾಯಚೂರಿನವರಾಗಲಿ, ಕಲಬುರಗಿಯವರಾಗಲಿ, ಬಿಹಾರದವರಾಗಲಿ ಬೆಂಗಳೂರಿನ ರೇಷನ್ ಅಂಗಡಿಯಲ್ಲೇ ಅಕ್ಕಿ ಪಡೆಯಬಹುದು. ರಾಜ್ಯದ ಕಾರ್ಡುದಾರರು ರಾಜ್ಯದ ಯಾವ ನ್ಯಾಯಬೆಲೆ ಅಂಗಡಿಯಲ್ಲಾದರೂ ಪಡಿತರ ತೆಗೆದುಕೊಳ್ಳಬಹುದು. ಹೊರರಾಜ್ಯದವರಿಗೆ ‘ಒಂದು ದೇಶ, ಒಂದು ಪಡಿತರ ಚೀಟಿ’ ವ್ಯವಸ್ಥೆಯಿದೆ. ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಡಿ ಆದ್ಯತಾ (ಬಿಪಿಎಲ್) ಕುಟುಂಬದ ಪ್ರತಿ ಸದಸ್ಯರಿಗೆ ತಿಂಗಳಿಗೆ 5 ಕೆ.ಜಿ., ಕಡುಬಡವರ ಅಂತ್ಯೋದಯ ಕಾರ್ಡಿಗೆ ಕುಟುಂಬಕ್ಕೆ 35 ಕೆ.ಜಿ. ಧಾನ್ಯ ನಿಗದಿಯಾಗಿದೆ. 2023ರ ಜನವರಿಯಿಂದ ಇದು ಪೂರ್ತಿ ಉಚಿತ. ರಾಜ್ಯ ಸರ್ಕಾರ ಅನ್ನಭಾಗ್ಯದಲ್ಲಿ ಇದರ ಮೇಲೆ ಸೇರಿಸಿ ಕೊಡುವುದು ಕರ್ನಾಟಕದ ಕಾರ್ಡಿಗೆ ಮಾತ್ರ ಎಂಬುದನ್ನು ಹೊರರಾಜ್ಯದವರು ಗಮನದಲ್ಲಿಟ್ಟುಕೊಳ್ಳಬೇಕು, ಇಲ್ಲದಿದ್ದರೆ ಅಂಗಡಿಯವನು ಕಡಿಮೆ ತೂಗಿದನೆಂಬ ವೃಥಾ ಜಗಳವಾಗುತ್ತದೆ.

ಅಂಗಡಿಯಲ್ಲಿ ಕಾರ್ಡಿನ ನಂಬರ್ ಅಥವಾ ಆಧಾರ್ ನಂಬರ್ ಹೇಳಿ, ಯಂತ್ರಕ್ಕೆ ಹೆಬ್ಬೆಟ್ಟು ಕೊಡಬೇಕು. ಕಾರ್ಡಿನಲ್ಲಿ ಹೆಸರಿರುವ ಯಾರೊಬ್ಬರು ಹೋದರೂ ನಡೆಯುತ್ತದೆ. ಹೊರರಾಜ್ಯದ ಕುಟುಂಬದವರು ತಮ್ಮ ಪಾಲಿನಷ್ಟನ್ನು ಇಲ್ಲಿ ತೆಗೆದುಕೊಂಡು, ಉಳಿದದ್ದನ್ನು ಊರಿನಲ್ಲಿರುವ ಮನೆಯವರಿಗೆ ಬಿಡಬಹುದು. ಇಲ್ಲಿ ಎದುರಾಗುವ ದೊಡ್ಡ ತೊಡಕು ಬೆರಳಚ್ಚು. ಸಿಮೆಂಟು, ಇಟ್ಟಿಗೆ ಮುಟ್ಟಿ ಮುಟ್ಟಿ ಗೆರೆ ಸವೆದ ಗಾರೆ ಕೆಲಸದವರ ಮತ್ತು ವಯಸ್ಸಾದವರ ಹೆಬ್ಬೆಟ್ಟನ್ನು ಯಂತ್ರ ಒಪ್ಪುವುದಿಲ್ಲ. ಆಗ ಕೈ ತೊಳೆದು ಒರೆಸಿಕೊಂಡು ಬೇರೆ ಬೆರಳು ಕೊಟ್ಟು ನೋಡಬೇಕು. ಅದೂ ಆಗದಿದ್ದರೆ ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಒಟಿಪಿ ತರಿಸುವಂತೆ ಕೇಳಬೇಕು. ಊರು ಬಿಡುವಾಗ ಸಿಮ್ ಬದಲಾಯಿಸಿದವರು ಆಧಾರ್ ಕೇಂದ್ರದಲ್ಲಿ ಹೊಸ ನಂಬರ್ ಸೇರಿಸಿಕೊಳ್ಳುವುದನ್ನು ಮುಂದೂಡಬಾರದು. ಇ-ಕೆವೈಸಿ ಬಾಕಿಯಿದೆ ಎಂದು ಹೇಳಿದರೆ ಅದನ್ನು ಅದೇ ಅಂಗಡಿಯಲ್ಲಿ ಮುಗಿಸಿಕೊಳ್ಳಬಹುದು. ‘ನಿಮ್ಮದು ಬೇರೆ ಕಡೆಯ ಕಾರ್ಡ್, ಇಲ್ಲಿ ಬರುವುದಿಲ್ಲ’ ಎಂದು ವಾಪಸು ಕಳಿಸಿದರೆ ಪಡಿತರ ಸಹಾಯವಾಣಿ 1967ಕ್ಕೆ, ಹೊರರಾಜ್ಯದ ಕಾರ್ಡಾದರೆ 14445ಕ್ಕೆ ಕರೆ ಮಾಡಿ, ಅಂಗಡಿಯ ಹಲಗೆಯ ಮೇಲಿರುವ ನಂಬರನ್ನು ಹೇಳಬೇಕು.

ಕಾರ್ಡೇ ಇಲ್ಲದವರಿಗೆ ದಾರಿ ಸ್ವಲ್ಪ ಉದ್ದ. ನಾಡಕಚೇರಿಯಿಂದ ಆದಾಯ ಪ್ರಮಾಣಪತ್ರ ಮಾಡಿಸಿ ಬೆಂಗಳೂರು ಒನ್ ಕೇಂದ್ರದಲ್ಲಿ ಅರ್ಜಿ ಹಾಕಬೇಕು. ಬಿಪಿಎಲ್ ಕಾರ್ಡಿಗೆ ಕುಟುಂಬದ ವಾರ್ಷಿಕ ಆದಾಯ 1.20 ಲಕ್ಷ ರೂಪಾಯಿ ಮೀರಬಾರದು. ಹೊಸ ಅರ್ಜಿಯ ಕಿಂಡಿ ವರ್ಷವಿಡೀ ತೆರೆದಿರುವುದಿಲ್ಲವಾದ್ದರಿಂದ ದಾಖಲೆಗಳನ್ನು ಮೊದಲೇ ಸಿದ್ಧಮಾಡಿಟ್ಟುಕೊಳ್ಳಬೇಕು. ‘ಒಳಗಿನಿಂದ ಮಾಡಿಸಿಕೊಡುತ್ತೇನೆ’ ಎನ್ನುವವರಿಗೆ ಹಣವನ್ನಾಗಲಿ ಒಟಿಪಿಯನ್ನಾಗಲಿ ಕೊಡಬೇಡಿ.

ಮನೆಯಲ್ಲಿ ಮಗು ಅಥವಾ ಬಸುರಿ ಇದ್ದರೆ

ಆರು ತಿಂಗಳಿಂದ ಆರು ವರ್ಷದವರೆಗಿನ ಮಕ್ಕಳಿಗೆ, ಗರ್ಭಿಣಿಯರಿಗೆ ಮತ್ತು ಹೆರಿಗೆಯ ನಂತರ ಆರು ತಿಂಗಳವರೆಗೆ ಬಾಣಂತಿಯರಿಗೆ ಅಂಗನವಾಡಿಯಿಂದ ಉಚಿತ ಆಹಾರ ಸಿಗಬೇಕೆಂದು ಅದೇ ಆಹಾರ ಭದ್ರತಾ ಕಾಯ್ದೆ ಹೇಳುತ್ತದೆ. ಬಾಡಿಗೆ ಮನೆಯಾಗಲಿ, ಕಟ್ಟಡ ಕೆಲಸದ ಶೆಡ್ಡಾಗಲಿ, ಹತ್ತಿರದ ಅಂಗನವಾಡಿಗೆ ತಾಯಿ ಕಾರ್ಡ್ ತೆಗೆದುಕೊಂಡು ಹೋಗಿ ಕಾರ್ಯಕರ್ತೆಯ ಬಳಿ ಹೆಸರು ಬರೆಸಬೇಕು. ಅಂಗನವಾಡಿ ಎಲ್ಲಿದೆಯೆಂದು ತಿಳಿಯದಿದ್ದರೆ ಬಡಾವಣೆಯ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಸಾಕು.

ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಹತ್ತನೇ ತರಗತಿಯವರೆಗೆ ಬಿಸಿಯೂಟವಿದೆ. ಅದರ ಜೊತೆ ಹಾಲು ಮತ್ತು ಮೊಟ್ಟೆ ಕೊಡುತ್ತಾರೆ. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು. ವರ್ಷದ ನಡುವೆ ಬಂದ ಕುಟುಂಬಗಳು ಟಿ.ಸಿ. ಇಲ್ಲವೆಂದು ಮಗುವನ್ನು ಮನೆಯಲ್ಲೇ ಉಳಿಸಿಕೊಳ್ಳುವುದುಂಟು. ವರ್ಗಾವಣೆ ಪತ್ರ ತಡವಾದರೂ, ವಯಸ್ಸಿನ ದಾಖಲೆ ಇಲ್ಲದಿದ್ದರೂ ಎಂಟನೇ ತರಗತಿಯವರೆಗೆ ಪ್ರವೇಶ ನಿರಾಕರಿಸುವಂತಿಲ್ಲ ಎಂದು ಶಿಕ್ಷಣ ಹಕ್ಕು ಕಾಯ್ದೆಯೇ ಹೇಳಿರುವುದರಿಂದ, ಮುಖ್ಯೋಪಾಧ್ಯಾಯರನ್ನು ಧೈರ್ಯವಾಗಿ ಕೇಳಬಹುದು.

ಕಾಲೇಜು ವಿದ್ಯಾರ್ಥಿಗಳು ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲುಗಳಿಗೆ ಅರ್ಜಿ ಹಾಕಬೇಕು. ಅಲ್ಲಿ ಸೀಟು ಸಿಗದ ಹಿಂದುಳಿದ ವರ್ಗದ ಅರ್ಹ ವಿದ್ಯಾರ್ಥಿಗಳಿಗೆ ಊಟ ಮತ್ತು ವಸತಿಗೆಂದು ವರ್ಷಕ್ಕೆ ಹತ್ತು ತಿಂಗಳು ಹಣ ಕೊಡುವ ವಿದ್ಯಾಸಿರಿ ಯೋಜನೆ ಇದೆ. ಸರ್ಕಾರಿ ಆಸ್ಪತ್ರೆಯ ಒಳರೋಗಿಗಳಿಗೆ ಊಟ ಆಸ್ಪತ್ರೆಯಿಂದಲೇ ಬರುತ್ತದೆ. ಜೊತೆಗಿರುವವರು ವಾರ್ಡಿನ ನರ್ಸ್ ಅಥವಾ ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಕೇಳಿದರೆ ಹೊರಗೆ ಊಟ ಹಂಚುವವರು ಯಾವ ಗೇಟಿನ ಬಳಿ, ಎಷ್ಟು ಹೊತ್ತಿಗೆ ಬರುತ್ತಾರೆ ಎಂಬುದು ತಿಳಿಯುತ್ತದೆ. ಒಂಟಿಯಾಗಿರುವ ಹಿರಿಯರಿಗೆ ನೆರವು ಬೇಕಾದರೆ ಸಹಾಯವಾಣಿ 14567, ಮಕ್ಕಳಿಗಾದರೆ 1098.

ಉಳಿದ ಊಟ ಹಂಚುವವರು

ಮದುವೆ ಮನೆ, ಹೋಟೆಲುಗಳಲ್ಲಿ ಉಳಿದ ಊಟವನ್ನು ಸಂಗ್ರಹಿಸಿ ಹಂಚುವ ಸ್ವಯಂಸೇವಕರ ಗುಂಪುಗಳಲ್ಲಿ 2014ರಲ್ಲಿ ದೆಹಲಿಯಲ್ಲಿ ಶುರುವಾದ ರಾಬಿನ್ ಹುಡ್ ಆರ್ಮಿ ಬೆಂಗಳೂರಿನಲ್ಲೂ ಇದೆ; ಅವರು ಹಣ ಪಡೆಯುವುದಿಲ್ಲ, ಊಟವನ್ನಷ್ಟೇ ಪಡೆಯುತ್ತಾರೆ. ಇಂಥ ಗುಂಪುಗಳು ಒಬ್ಬೊಬ್ಬರ ಮನೆಗೆ ಊಟ ಮುಟ್ಟಿಸುವುದು ಕಡಿಮೆ. ನಿಮ್ಮ ಶೆಡ್ಡುಗಳ ಸಾಲಿನಲ್ಲಿ ಇಪ್ಪತ್ತು ಮೂವತ್ತು ಜನಕ್ಕೆ ಊಟವಿಲ್ಲವೆಂದಾದರೆ ಒಬ್ಬರು ಮುಂದಾಗಿ, ಎಷ್ಟು ಜನ, ಎಷ್ಟು ಮಕ್ಕಳು, ಗಾಡಿ ಎಲ್ಲಿಯವರೆಗೆ ಬರುತ್ತದೆ ಎಂಬುದನ್ನು ತಿಳಿಸಿದರೆ ಅವರಿಗೆ ಅನುಕೂಲ. ಹೀಗೆ ಬಂದ ಊಟವನ್ನು ಬಂದ ಹೊತ್ತಿನಲ್ಲೇ ಉಂಡು ಮುಗಿಸಬೇಕು. ಮಧ್ಯಾಹ್ನದ ಅನ್ನ, ತೆಂಗಿನಕಾಯಿ ಹಾಕಿದ ಪಲ್ಯಗಳನ್ನು ಮುಚ್ಚಿಟ್ಟು ರಾತ್ರಿ ಮಕ್ಕಳಿಗೆ ಬಡಿಸಬಾರದು. ಹಳಸಿದ ವಾಸನೆ ಬಾರದಿದ್ದರೂ ಹೊಟ್ಟೆ ಕೆಡುತ್ತದೆ.