ಕಾಫಿ ರೇಟು, ಸಂಘದ ಲೆಕ್ಕ, ಚೀಟಿ ವ್ಯವಹಾರ: ಕಾನೂನಿನ ತೊಡಕಿಲ್ಲದೆ ಬರೆಯುವುದು ಹೇಗೆ?

ಕೊಡಗಿನಲ್ಲಿ ದುಡ್ಡಿನ ಮಾತಿಗೆ ಬರವಿಲ್ಲ. ಕೊಯ್ಲು ಶುರುವಾದರೆ ಸಾಕು, ಗೋಣಿಕೊಪ್ಪದ ಸಂತೆಯಿಂದ ಸೋಮವಾರಪೇಟೆಯ ಬಸ್ ನಿಲ್ದಾಣದ ತನಕ ಚೆರ್ರಿ (ಒಣಗಿಸಿದ ಕಾಫಿ ಹಣ್ಣು) ರೇಟು, ಕರಿಮೆಣಸಿನ ರೇಟು, ಆಳಿನ ಕೂಲಿ, ಸಂಘದ ಸಾಲ, ಇದೇ ಮಾತು. ಅದನ್ನೇ ನಾಲ್ಕು ಜನ ಓದುವ ಹಾಗೆ ಬರೆಯಿರಿ ಅಂದರೆ ಮಾತ್ರ ಹಿಂದೇಟು. ‘ಸುಮ್ನೆ ಕೇಸು ಗೀಸು ಯಾಕೆ?’ ಅನ್ನುತ್ತಾರೆ. ಇನ್ನು ಕೆಲವರು ಕಿವಿಗೆ ಬಿದ್ದದ್ದನ್ನೆಲ್ಲ ಬರೆದು ಹಾಕುತ್ತಾರೆ. ಎರಡೂ ಬೇಡ. ಬರೆಯಲು ಇರುವ ಹಕ್ಕು ನಾವು ಅಂದುಕೊಂಡಿದ್ದಕ್ಕಿಂತ ದೊಡ್ಡದು. ಎಡವುವ ಜಾಗಗಳು ಕೆಲವೇ ಇವೆ, ಅವು ಎಲ್ಲಿವೆ ಅಂತ ತಿಳಿದುಕೊಂಡರೆ ಸಾಕು.

ಮೊದಲು ಹೆದರಿಕೆ ಬಿಡಿ

ಸಂವಿಧಾನದ 19(1)(ಎ) ವಿಧಿ ಮಾತಿನ ಸ್ವಾತಂತ್ರ್ಯ ಕೊಡುತ್ತದೆ. ಅದಕ್ಕೆ ಯಾವ ಕಾರಣಕ್ಕೆ ಮಿತಿ ಹಾಕಬಹುದು ಅನ್ನುವ ಪಟ್ಟಿ 19(2)ರಲ್ಲಿದೆ. ದೇಶದ ಭದ್ರತೆ, ಸಾರ್ವಜನಿಕ ಶಾಂತಿ, ಮಾನನಷ್ಟ, ನ್ಯಾಯಾಲಯ ನಿಂದನೆ ಮುಂತಾದವು ಆ ಪಟ್ಟಿಯಲ್ಲಿವೆ. ಸರ್ಕಾರದ ಆರ್ಥಿಕ ನೀತಿಯನ್ನು ಟೀಕಿಸಬಾರದು ಅಂತ ಅಲ್ಲಿ ಎಲ್ಲೂ ಬರೆದಿಲ್ಲ. ಮೆಣಸಿನ ಆಮದು ನೀತಿ ತಪ್ಪು, ಬೆಳೆಯ ಅಂದಾಜು ಸರಿಯಿಲ್ಲ, ಪರಿಹಾರದ ಲೆಕ್ಕ ಅನ್ಯಾಯ ಅಂತ ನೀವು ಧಾರಾಳವಾಗಿ ಬರೆಯಬಹುದು. ಬೆಳೆದ ಕಾಫಿಯನ್ನು, ಎಲ್ಲರ ಬೆಳೆ ಒಟ್ಟಿಗೆ ಸೇರಿಸಿ ಮಾರುವ ಕಾಫಿ ಮಂಡಳಿಯ ಪೂಲ್‌ಗೇ ಕೊಡಬೇಕು ಅನ್ನುವ ವ್ಯವಸ್ಥೆ 1996ರಲ್ಲಿ ಪೂರ್ತಿಯಾಗಿ ಹೋಯಿತು. ಅದಕ್ಕೆ ಮೊದಲು ಬೆಳೆಗಾರರು ವರ್ಷಗಟ್ಟಲೆ ಬಹಿರಂಗವಾಗಿ ವಾದ ಮಾಡಿದ್ದರು.

‘66ಎ ಹಾಕಿಸ್ತೀನಿ’ ಅಂತ ಯಾರಾದರೂ ಹೆದರಿಸಿದರೆ ಒಂದು ವಿಷಯ ನೆನಪಿಡಿ. ಆನ್‌ಲೈನಿನಲ್ಲಿ ಕಿರಿಕಿರಿ ಮಾಡುವ ಸಂದೇಶ ಹಾಕಿದರೆ ಶಿಕ್ಷೆ ಅನ್ನುತ್ತಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಆ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು, ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ರದ್ದು ಮಾಡಿದೆ.

ಒಂದೊಂದು ವಾಕ್ಯವನ್ನೂ ಜರಡಿ ಹಿಡಿಯಿರಿ

ಬರೆದಾದ ಮೇಲೆ ಪ್ರತಿ ವಾಕ್ಯಕ್ಕೂ ಕೇಳಿಕೊಳ್ಳಿ: ಇದು ನಾನೇ ಕಂಡದ್ದಾ, ನನ್ನ ಅಭಿಪ್ರಾಯವಾ, ಯಾರೋ ಹೇಳಿದ್ದಾ? ಮೂರನ್ನೂ ಒಂದೇ ವಾಕ್ಯದಲ್ಲಿ ಕಲಸಿದರೆ ತೊಂದರೆ ಅಲ್ಲಿಂದಲೇ ಶುರು.

ಒಂದು ಉದಾಹರಣೆ ನೋಡೋಣ. ಚೆರ್ರಿ ಕೊಟ್ಟು ಬಂದಿರಿ, ತೂಕ ಕಡಿಮೆ ಬಂತು. ಕೋಪದಲ್ಲಿ ಹೀಗೆ ಬರೆಯುತ್ತೀರಿ: ‘ಆ ವ್ಯಾಪಾರಿ ಕಳ್ಳ. ಬೆಳೆಗಾರರನ್ನು ದೋಚಿ ಮನೆ ಕಟ್ಟಿದ್ದಾನೆ.’ ಇದನ್ನು ಕೋರ್ಟಿನಲ್ಲಿ ಸಾಬೀತು ಮಾಡುವುದು ಕಷ್ಟ. ಅದನ್ನೇ ಹೀಗೆ ಬರೆಯಿರಿ: ‘ಜನವರಿ 12ರಂದು 10 ಮೂಟೆ ಕೊಟ್ಟೆ. ಮನೆಯಲ್ಲಿ ತೂಗಿದಾಗ 500 ಕೆ.ಜಿ. ಇತ್ತು. ಅಲ್ಲಿ ಕೊಟ್ಟ ಚೀಟಿಯಲ್ಲಿ 482 ಇದೆ. ಕೇಳಿದ್ದಕ್ಕೆ ತೇವಾಂಶಕ್ಕೆ ಕಡಿದಿದ್ದೇವೆ ಅಂದರು. ಹಾಗೆ ಕಡಿಯುವುದಾದರೆ ಚೀಟಿಯಲ್ಲಿ ಬೇರೆಯಾಗಿ ಕಾಣಿಸಬೇಕು ಅನ್ನುವುದು ನನ್ನ ಅಭಿಪ್ರಾಯ.’ ಎರಡನೆಯದೇ ಜಾಸ್ತಿ ನಾಟುತ್ತದೆ. ಓದಿದ ಬೆಳೆಗಾರ ತನ್ನ ಚೀಟಿ ತೆಗೆದು ನೋಡುತ್ತಾನೆ. ಹಾಂ, ನಿಮ್ಮ ಮನೆಯ ತಕ್ಕಡಿ ಸರಿ ಇದೆಯಾ ಅಂತಲೂ ನೋಡಿಕೊಳ್ಳಿ, ಎದುರಿನ ವಕೀಲರ ಮೊದಲ ಪ್ರಶ್ನೆ ಅದೇ ಆಗಿರುತ್ತದೆ. ವ್ಯಾಪಾರಿಯ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇದೆಯಾ ಅನ್ನುವುದನ್ನೂ ಗಮನಿಸಿ.

ರೇಟಿನ ವಿಷಯಕ್ಕೂ ಇದೇ ಮಾತು. ‘ಇಲ್ಲಿನ ವ್ಯಾಪಾರಿಗಳು ಸೇರಿ ರೇಟು ಬೀಳಿಸಿದರು’ ಅಂತ ಬರೆಯುವ ಮೊದಲು ಲೆಕ್ಕ ಹಾಕಿ. ರೊಬಸ್ಟಾ ದರಕ್ಕೆ ದಿಕ್ಕು ತೋರಿಸುವುದು ಲಂಡನ್ ಮಾರುಕಟ್ಟೆ, ಅಲ್ಲಿ ಟನ್ನಿಗೆ ಇಷ್ಟು ಡಾಲರ್ ಅಂತ ಲೆಕ್ಕ. ಅರೇಬಿಕಾಕ್ಕೆ ನ್ಯೂಯಾರ್ಕ್. ಅದರ ಮೇಲೆ ರೂಪಾಯಿ-ಡಾಲರ್ ವಿನಿಮಯ, ನಿಮ್ಮ ಚೆರ್ರಿಯಿಂದ ಎಷ್ಟು ಬೀಜ ಸಿಗುತ್ತದೆ ಅನ್ನುವ ಔಟ್‌ಟರ್ನ್, ತೇವಾಂಶ. ಇವೆಲ್ಲ ಕಳೆದ ಮೇಲೂ ದೊಡ್ಡ ವ್ಯತ್ಯಾಸ ಉಳಿದರೆ ಆ ವ್ಯತ್ಯಾಸವನ್ನೇ ಬರೆಯಿರಿ, ಕಾರಣ ಕೇಳಿ. ಪ್ರಶ್ನೆ ಕೇಳುವುದು ತಪ್ಪಲ್ಲ.

ಹೆಸರು ಹಾಕದಿದ್ದರೆ ಬಚಾವಾ?

ಇಲ್ಲ. ಇದು ನಮ್ಮ ಜಿಲ್ಲೆಯಲ್ಲಿ ಎಲ್ಲರೂ ಮಾಡುವ ತಪ್ಪು ಲೆಕ್ಕ. ಬೆಂಗಳೂರಿನಲ್ಲಿ ‘ಒಬ್ಬ ವ್ಯಾಪಾರಿ’ ಅಂದರೆ ಯಾರೂ ಆಗಬಹುದು. ಇಲ್ಲಿ ‘ಪೊನ್ನಂಪೇಟೆ ರಸ್ತೆಯಲ್ಲಿ ಹೊಸ ಗೋದಾಮು ಕಟ್ಟಿದವರು’ ಅಂದರೆ ಊರಿಗೇ ಗೊತ್ತು. ಮನೆತನದ ಹೆಸರಿನ ಸುಳಿವು ಕೊಟ್ಟರಂತೂ ಮುಗಿಯಿತು. ಯಾರ ಬಗ್ಗೆ ಅಂತ ಓದಿದವರಿಗೆ ತಿಳಿದರೆ ಸಾಕು, ಮಾನನಷ್ಟದ ಮಾತು ಬರುತ್ತದೆ. ವ್ಯಕ್ತಿ ಮಾತ್ರ ಅಲ್ಲ, ಕಂಪನಿ ಅಥವಾ ಸಂಘವೂ ದೂರಬಹುದು.

2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಪ್ರಕಾರ ಇದಕ್ಕೆ 2 ವರ್ಷದವರೆಗೆ ಸಾದಾ ಸಜೆ, ದಂಡ, ಇಲ್ಲವೇ ಎರಡೂ ಆಗಬಹುದು. ಸಮುದಾಯ ಸೇವೆಯ ಶಿಕ್ಷೆಯೂ ಇದೆ. ಮಾನನಷ್ಟವನ್ನು ಅಪರಾಧ ಮಾಡಿದ್ದೇ ಸರಿಯಲ್ಲ ಅನ್ನುವ ವಾದವನ್ನು ಸುಪ್ರೀಂ ಕೋರ್ಟ್ 2016ರಲ್ಲಿ ಒಪ್ಪಲಿಲ್ಲ. ವೈಯಕ್ತಿಕವಾಗಿ ನನಗೆ ಆ ವಾದದಲ್ಲಿ ಹುರುಳಿದೆ ಅನ್ನಿಸುತ್ತದೆ, ಹಣದ ಪರಿಹಾರ ಕೇಳುವ ಸಿವಿಲ್ ದಾರಿ ಇದ್ದೇ ಇದೆಯಲ್ವಾ? ಆದರೆ ಇವತ್ತಿನ ಕಾನೂನು ಇದು.

ರಕ್ಷಣೆಯೂ ಅದೇ ಕಲಮಿನಲ್ಲಿದೆ. ಬರೆದದ್ದು ನಿಜವಾಗಿರಬೇಕು, ಜೊತೆಗೆ ಜನರ ಹಿತಕ್ಕಾಗಿ ಬರೆದದ್ದಾಗಿರಬೇಕು. ಕ್ರಿಮಿನಲ್ ಕೇಸಿನಲ್ಲಿ ಎರಡೂ ಬೇಕು. ಸಿವಿಲ್ ದಾವೆಯಲ್ಲಿ ನಿಜ ಅಂತ ತೋರಿಸಿದರೆ ಸಾಕು. ಪ್ರಕಟವಾದ 1 ವರ್ಷದೊಳಗೆ ಆ ದಾವೆ ಹೂಡಬೇಕು. ಪೊಲೀಸರು ವಾರಂಟ್ ಇಲ್ಲದೆ ಬಂದು ಹಿಡಿದುಕೊಂಡು ಹೋಗುವ ಅಪರಾಧ ಇದಲ್ಲ. ನೊಂದವರೇ ಮ್ಯಾಜಿಸ್ಟ್ರೇಟರ ಮುಂದೆ ದೂರು ಕೊಡಬೇಕು.

ಕಾಗದ ಸಂಪಾದಿಸಿ

ಎಲ್ಲಕ್ಕಿಂತ ದೊಡ್ಡ ರಕ್ಷಣೆ ಕಾಗದ. ಸಹಕಾರ ಸಂಘದ ವ್ಯವಹಾರದ ಬಗ್ಗೆ ಬರೆಯಬೇಕಾ? ನೀವು ಸದಸ್ಯರಾಗಿದ್ದರೆ ಮಹಾಸಭೆಯಲ್ಲಿ ಹಂಚುವ ವರದಿ ಮತ್ತು ಲೆಕ್ಕಪರಿಶೋಧನೆಯಿಂದ ಶುರು ಮಾಡಿ. ಸಂಘಕ್ಕೇ ನೇರವಾಗಿ ಮಾಹಿತಿ ಹಕ್ಕು ಕಾಯ್ದೆಯಡಿ ಆರ್‌ಟಿಐ ಹಾಕಿದರೆ ಸಾಮಾನ್ಯವಾಗಿ ಉತ್ತರ ಸಿಗುವುದಿಲ್ಲ. ಸಹಕಾರ ಸಂಘಗಳು ಆ ಕಾಯ್ದೆಯ ಅರ್ಥದಲ್ಲಿ ಸಾರ್ವಜನಿಕ ಪ್ರಾಧಿಕಾರ ಅಲ್ಲ ಅಂತ 2013ರಲ್ಲಿ ಕೇರಳದ ತಲಪ್ಪಾಲಂ ಸಹಕಾರಿ ಬ್ಯಾಂಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದೇ ತೀರ್ಪಿನಲ್ಲಿ ಒಂದು ಬಾಗಿಲು ತೆರೆದಿದೆ: ಸಹಕಾರ ಸಂಘಗಳ ನಿಬಂಧಕರು ಕಾನೂನಿನ ಪ್ರಕಾರ ಸಂಘದಿಂದ ಪಡೆಯಬಹುದಾದ ಮಾಹಿತಿಯನ್ನು ಅವರ ಕಚೇರಿಯಿಂದ ಕೇಳಬಹುದು. ಹಾಗಾಗಿ ಅರ್ಜಿ ಹೋಗಬೇಕಾದದ್ದು ಆ ಕಚೇರಿಗೆ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, ಸುಮಾರು 150 ಪದದೊಳಗೆ. 30 ದಿನದಲ್ಲಿ ಉತ್ತರ ಬರಬೇಕು.

ತೋಟ ಹರಾಜಿಗೆ ಬಂದ ಸುದ್ದಿಯಾದರೆ ಬ್ಯಾಂಕು ಪತ್ರಿಕೆಯಲ್ಲಿ ಕೊಟ್ಟ ನೋಟಿಸಿನಲ್ಲಿ ಇರುವಷ್ಟನ್ನೇ ಬರೆಯಿರಿ. ‘ಪಾಪರ್ ಆಗಿದ್ದಾರೆ’ ಅನ್ನುವುದು ನೋಟಿಸಿನಲ್ಲಿ ಇರುವುದಿಲ್ಲ. ಅದು ನೀವು ಸೇರಿಸುವ ಮಾತು.

ಮೊಬೈಲಿನಲ್ಲಿರುವ ಫೋಟೊ, ಸಂದೇಶಗಳನ್ನು ಅಳಿಸಬೇಡಿ. ಮುಂದೆ ಸಾಕ್ಷಿಯಾಗಿ ಕೊಡಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಬೇಕಾಗುತ್ತದೆ. ಮೂಲ ಫೋನು ಕೈಯಲ್ಲಿದ್ದರೆ ಒಳ್ಳೆಯದು.

ಬ್ಯಾಂಕು, ಷೇರು, ಚೀಟಿ

‘ಆ ಬ್ಯಾಂಕು ಮುಳುಗ್ತಿದೆಯಂತೆ, ದುಡ್ಡು ತೆಗೀರಿ’ ಅನ್ನುವ ಸಂದೇಶವನ್ನು ದಯವಿಟ್ಟು ಮುಂದಕ್ಕೆ ಕಳಿಸಬೇಡಿ. ಜನರಲ್ಲಿ ಭಯ ಹುಟ್ಟಿಸುವ ಉದ್ದೇಶದಿಂದ ಸುಳ್ಳು ಸುದ್ದಿ ಹಬ್ಬಿಸಿದರೆ ನ್ಯಾಯ ಸಂಹಿತೆಯ 353ನೇ ಕಲಂ ಅನ್ವಯಿಸಬಹುದು, 3 ವರ್ಷದವರೆಗೆ ಶಿಕ್ಷೆ. ಜನರಿಗೆ ಉಪಯೋಗ ಆಗಬೇಕು ಅಂತಿದ್ದರೆ ಇದನ್ನು ಬರೆಯಿರಿ: ಬ್ಯಾಂಕಿನ ಠೇವಣಿಗೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂಪಾಯಿ ತನಕ ವಿಮೆ ಇದೆ. ನಮ್ಮ ಊರುಗಳ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಠೇವಣಿಗೆ ಆ ವಿಮೆ ಇಲ್ಲ. ಇದು ನಿಜ, ಯಾರನ್ನೂ ನೋಯಿಸುವುದಿಲ್ಲ, ಹಲವರಿಗೆ ಗೊತ್ತೂ ಇಲ್ಲ.

ಕಾಫಿ ಉದ್ಯಮ ಹೇಗಿದೆ, ಮಾರುಕಟ್ಟೆ ಎತ್ತ ಸಾಗಿದೆ ಅಂತ ವಿಮರ್ಶೆ ಮಾಡಲು ಯಾರ ಅಪ್ಪಣೆಯೂ ಬೇಡ. ‘ಈ ಕಂಪನಿಯ ಷೇರು ಇಷ್ಟಕ್ಕೆ ಕೊಳ್ಳಿ, ಇಷ್ಟಕ್ಕೆ ಮಾರಿ’ ಅಂತ ಸಲಹೆ ಕೊಡುವುದನ್ನೇ ಕಸುಬು ಮಾಡಿಕೊಂಡರೆ ಷೇರು ಪೇಟೆಯ ನಿಯಂತ್ರಕ ಸೆಬಿಯ ನೋಂದಣಿ ಬೇಕು. ತೋಟದ ಕಂಪನಿಯೊಂದರಲ್ಲಿ ಕೆಲಸ ಮಾಡುವ ನೆಂಟರು ಫಲಿತಾಂಶಕ್ಕೆ ಮೊದಲೇ ಬೆಳೆಯ ಅಂಕಿ ಹೇಳಿದರೆ ಅದನ್ನು ಬರೆಯಲೂ ಬೇಡಿ, ಹಂಚಲೂ ಬೇಡಿ.

ಚೀಟಿ ಮತ್ತು ‘ದುಡ್ಡು ದುಪ್ಪಟ್ಟು’ ಯೋಜನೆಗಳ ವಿಷಯದಲ್ಲಿ ಎಚ್ಚರಿಸುವವರಿಗಿಂತ ಹೊಗಳುವವರಿಗೇ ಅಪಾಯ ಜಾಸ್ತಿ. ಅನಿಯಂತ್ರಿತ ಠೇವಣಿ ಯೋಜನೆಗಳನ್ನು ನಿಷೇಧಿಸುವ 2019ರ ಕಾಯ್ದೆ, ಗೊತ್ತಿದ್ದೂ ಸುಳ್ಳು ಆಸೆ ತೋರಿಸಿ ಜನರನ್ನು ಸೇರಿಸುವವರನ್ನೂ ಹಿಡಿಯುತ್ತದೆ. ಅನುಮಾನ ಬಂದರೆ ಚೀಟಿಗೆ 1982ರ ಚಿಟ್ ಫಂಡ್ ಕಾಯ್ದೆಯಡಿ ಅನುಮತಿ ಇದೆಯಾ ಕೇಳಿ, ರಿಸರ್ವ್ ಬ್ಯಾಂಕಿನ ‘ಸಚೇತ್’ ತಾಣದಲ್ಲಿ ದೂರು ಕೊಡಿ. ದುಡ್ಡು ಪಡೆದು ಬರೆದಿದ್ದರೆ ಅದನ್ನು ಮೊದಲ ಸಾಲಿನಲ್ಲೇ ಹೇಳಿ.

ನೋಟಿಸು ಬಂದರೆ

ವಕೀಲರ ನೋಟಿಸು ಕೋರ್ಟಿನ ಆದೇಶ ಅಲ್ಲ. ಗಾಬರಿಯಾಗಿ ಬರೆದದ್ದನ್ನು ಅಳಿಸಬೇಡಿ, ಬಿಸಿಬಿಸಿಯಾಗಿ ಉತ್ತರವನ್ನೂ ಕೊಡಬೇಡಿ. ಕಾಗದಗಳನ್ನೆಲ್ಲ ಒಂದು ಕಡೆ ಇಟ್ಟು ವಕೀಲರಿಗೆ ತೋರಿಸಿ. ತಪ್ಪಾಗಿದ್ದರೆ ತಿದ್ದುಪಡಿ ಹಾಕಿ, ಅದು ನಿಮ್ಮ ಸದುದ್ದೇಶಕ್ಕೆ ಸಾಕ್ಷಿ.

ನಿಮ್ಮನ್ನು ಕೇಳದೆಯೇ ತಡೆಯಾಜ್ಞೆ ತರಬಹುದು ಅನ್ನಿಸಿದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 148ಎ ಪ್ರಕಾರ ಕೇವಿಯಟ್ (ನನ್ನ ಮಾತೂ ಕೇಳಿ ಅನ್ನುವ ಮುಂಗಡ ಅರ್ಜಿ) ಹಾಕಿ. 90 ದಿನ ಅದು ಜೀವಂತ ಇರುತ್ತದೆ, ಅಷ್ಟರೊಳಗೆ ಅರ್ಜಿ ಬಂದರೆ ಕೋರ್ಟು ನಿಮಗೂ ತಿಳಿಸಬೇಕು. ಝೀ ಕಂಪನಿಯ ಕುರಿತ, ಸುದ್ದಿಸಂಸ್ಥೆ ಬ್ಲೂಮ್‌ಬರ್ಗ್ ವರದಿಯ ಮೇಲೆ ಕೆಳ ನ್ಯಾಯಾಲಯ ಕೊಟ್ಟಿದ್ದ ಇಂಥ ಆದೇಶವನ್ನು ಸುಪ್ರೀಂ ಕೋರ್ಟ್ 2024ರ ಮಾರ್ಚ್‌ನಲ್ಲಿ ತೆಗೆದುಹಾಕಿತು. ವಿಚಾರಣೆಗೆ ಮೊದಲೇ ಬರಹ ತಡೆಯುವುದು ಅಪರೂಪಕ್ಕೆ ಮಾತ್ರ ಆಗಬೇಕು ಅಂದಿತು. ನಿಮ್ಮ ವಕೀಲರಿಗೆ ಈ ತೀರ್ಪು ನೆನಪಿಸಿ.

ವಕೀಲರ ಫೀಸಿಗೆ ದುಡ್ಡಿಲ್ಲದಿದ್ದರೆ ಮಡಿಕೇರಿಯಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಕಡಿಮೆ ಆದಾಯದವರಿಗೆ ಅಲ್ಲಿ ಉಚಿತ ನೆರವು ಸಿಗುತ್ತದೆ. ಫೋನಿನಲ್ಲಿ ವಿಚಾರಿಸುವುದಾದರೆ ಸಹಾಯವಾಣಿ 15100.